ಬೇಕಲ: ಕೋಟೆ, ಕಡಲು ಮತ್ತು ಕನ್ನಡದ ನೆನಪು

ಪಡುವಣ ಕಡಲಿನ ತೀರದುದ್ದಕ್ಕೂ ಪ್ರಕೃತಿಯು ತನ್ನ ಸೊಬಗನ್ನು ಕೈಬಿಚ್ಚಿ ಸುರಿದಿರುವ ಊರುಗಳು ಹಲವಿವೆ. ಆದರೆ ಪ್ರಕೃತಿಯ ಚೆಲುವೂ ಇತಿಹಾಸದ ಗಾಂಭೀರ್ಯವೂ ಒಂದೇ ಬಂಡೆಯ ಮೇಲೆ ಜೊತೆಯಾಗಿ ನಿಂತಿರುವ ಊರುಗಳು ವಿರಳ. ಅಂತಹ ವಿರಳವಾದ ಊರುಗಳಲ್ಲಿ ಕಾಸರಗೋಡು ಜಿಲ್ಲೆಯ ಬೇಕಲವೂ ಒಂದು. ಕಾಸರಗೋಡು ಪಟ್ಟಣದಿಂದ ತೆಂಕಣಕ್ಕೆ ಸುಮಾರು 16 ಕಿಲೋಮೀಟರು, ಕಾಞಂಗಾಡಿನಿಂದ ಬಡಗಣಕ್ಕೆ ಸುಮಾರು 12 ಕಿಲೋಮೀಟರು ದೂರದಲ್ಲಿರುವ ಈ ಕಡಲೂರಿಗೆ ಇಂದು ದೇಶದ ನಾನಾ ಕಡೆಗಳಿಂದ ಜನರು ಬರುತ್ತಾರೆ. ಕೋಟೆಯನ್ನು ಏರುತ್ತಾರೆ, ಅಲೆಗಳನ್ನು ನೋಡುತ್ತಾರೆ, ಛಾಯಾಚಿತ್ರಗಳನ್ನು ತೆಗೆಯುತ್ತಾರೆ, ಸೂರ್ಯಾಸ್ತವಾದ ಮೇಲೆ ಹಿಂದಿರುಗುತ್ತಾರೆ. ಅವರ ಸಂತೋಷವು ನಮಗೂ ಸಂತೋಷವೇ. ಆದರೆ ತಾವು ನಿಂತಿದ್ದ ಆ ಕೆಂಗಲ್ಲಿನ ಬುರುಜನ್ನು ಯಾರು ಕಟ್ಟಿದರು, ಏತಕ್ಕಾಗಿ ಕಟ್ಟಿದರು, ಅದನ್ನು ಕಾದವರ ಮಕ್ಕಳು ಮೊಮ್ಮಕ್ಕಳು ಏನಾದರು ಎಂಬುದನ್ನು ತಿಳಿದು ಹೋಗುವವರು ಎಷ್ಟು ಮಂದಿ? ಹೊರಗಿನಿಂದ ಬಂದವರ ಮಾತು ಹಾಗಿರಲಿ. ಈ ಗಡಿನಾಡಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಲ್ಲಿಯೇ ಎಷ್ಟು ಮಂದಿಗೆ ಇದು ಗೊತ್ತಿದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಕಲವನ್ನೂ ಅದರ ಸುತ್ತಣ ನಾಡನ್ನೂ ವಾಚಕರೊಡನೆ ಒಮ್ಮೆ ಸುತ್ತಿಬರುವುದು ಈ ಲೇಖನದ ಉದ್ದೇಶ.

ನಾಡಿನ ಮೈಕಟ್ಟು

ಕೋಟೆಯನ್ನು ಅರಿಯಬೇಕಾದರೆ ಮೊದಲು ನೆಲವನ್ನು ಅರಿಯಬೇಕು. ಸಹ್ಯಾದ್ರಿಯೂ ಸಮುದ್ರವೂ ಇಲ್ಲಿ ಒಂದಕ್ಕೊಂದು ಬಹಳ ದೂರವಿಲ್ಲ. ಅವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಹೊಳೆಗಳೆಲ್ಲವೂ ಮೂಡಣಿಂದ ಪಡುವಣಕ್ಕೆ ಹರಿದು ಕಡಲನ್ನು ಸೇರುತ್ತವೆ. ಆದುದರಿಂದ ಬಡಗಣಿಂದ ತೆಂಕಣಕ್ಕೆ ಹೋಗುವ ವ್ಯಾಪಾರಿಯಾಗಲಿ, ಯಾತ್ರಿಕನಾಗಲಿ, ದಂಡಾಗಲಿ ಕೆಲವು ಹರಿದಾರಿಗೊಮ್ಮೆ ಒಂದೊಂದು ಹೊಳೆಯನ್ನು ದಾಟಲೇಬೇಕಾಗಿತ್ತು. ಸೇತುವೆಗಳಿಲ್ಲದ ಆ ಕಾಲದಲ್ಲಿ ಕಡವನ್ನು ಹಿಡಿದವನೇ ದಾರಿಯನ್ನು ಹಿಡಿದವನು. ದಾರಿಯನ್ನು ಹಿಡಿದವನೇ ನಾಡನ್ನು ಹಿಡಿದವನು. ಕುಂಬಳೆಯ ಹೊಳೆಯ ಬಳಿ ಆರಿಕ್ಕಾಡಿಯ ಕೋಟೆ, ಪಯಸ್ವಿನಿಯ ಬಳಿ ಚಂದ್ರಗಿರಿಯ ಕೋಟೆ, ಅದರಿಂದ ತೆಂಕಣಕ್ಕೆ ಬೇಕಲದ ಕೋಟೆ, ಮತ್ತೂ ಮುಂದೆ ಹೊಸದುರ್ಗದ ಕೋಟೆ, ಹೀಗೆ ಸರದಲ್ಲಿ ಮಣಿಗಳನ್ನು ಪೋಣಿಸಿದಂತೆ ಕೋಟೆಗಳು ಸಾಲುಗೂಡಿರುವುದರ ರಹಸ್ಯವು ಇದೇ ಆಗಿದೆ. ಈ ಸಾಲಿನಲ್ಲಿ ಬೇಕಲದ್ದು ನಾಯಕಮಣಿ. ಉಳಿದವು ಬಹುಮಟ್ಟಿಗೆ ಹೊಳೆಯನ್ನು ಕಾಯುವ ಕೋಟೆಗಳಾದರೆ ಇದು ಕಡಲನ್ನೇ ಕಾಯುವ ಕೋಟೆ.

ಇಲ್ಲಿಯ ನೆಲದ ಇನ್ನೊಂದು ವಿಶೇಷವೆಂದರೆ ಅದರ ಕೆಂಗಲ್ಲು. ತುಳುನಾಡಿನ ಕನ್ನಡದಲ್ಲಿ ಇದನ್ನು ಮುರಕಲ್ಲು ಎಂದು ಕರೆಯುತ್ತಾರೆ. ಗ್ರಾಂಥಿಕ ಭಾಷೆಯಲ್ಲಿ ಜಂಬಿಟ್ಟಿಗೆ ಎಂಬ ಹೆಸರುಂಟು. ನೆಲದೊಳಗಿರುವಾಗ ಮೆದುವಾಗಿ, ಹಾರೆ ಕೊಡಲಿಗಳಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಹೊರತೆಗೆದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಗೊಳ್ಳುತ್ತಾ ಹೋಗುತ್ತದೆ. ಕಂಪೆನಿ ಸರಕಾರದ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬರ್ಥವನ್ನು ಕೊಡುವ ಶಬ್ದದಿಂದ ಅದು ಹುಟ್ಟಿತು. ಅದಾದ ಸ್ವಲ್ಪ ಕಾಲದಲ್ಲಿಯೇ, 1801ರ ಆದಿಯಲ್ಲಿ, ಅವನು ಈ ಕರಾವಳಿಯ ಮಾರ್ಗವಾಗಿ ಮಂಗಳೂರಿನ ಕಡೆಗೆ ಬಂದನು. ಜಗತ್ತಿನ ಭೂಗರ್ಭಶಾಸ್ತ್ರವು ಅಂದಿನಿಂದ ಈ ಹೆಸರನ್ನು ಒಪ್ಪಿಕೊಂಡಿದೆ. ಆದರೆ ನಮ್ಮ ಜಂಬಿಟ್ಟಿಗೆ ಎಂಬ ಪದದಲ್ಲಿಯೂ ಇಟ್ಟಿಗೆಯೇ ಅಡಗಿರುವುದನ್ನು ಗಮನಿಸಿದರೆ, ವಿದ್ವಾಂಸನು ಲ್ಯಾಟಿನಿನಲ್ಲಿ ಕಂಡುದನ್ನು ನಮ್ಮ ನಾಡಿನ ಕಲ್ಲುಕುಟಿಗರು ಕನ್ನಡದಲ್ಲಿಯೂ ಕಂಡಿದ್ದರೆಂಬುದು ಸ್ಪಷ್ಟವಾಗುತ್ತದೆ. ಬೇಕಲದ ಕೋಟೆಯು ಅಡಿಯಿಂದ ಮುಡಿಯವರೆಗೆ ಇದೇ ಕಲ್ಲಿನದು. ಎಂದರೆ ಈ ಕೋಟೆಯು ಬೇರೆಲ್ಲಿಂದಲೋ ಬಂದು ಇಲ್ಲಿ ನಿಂತುದಲ್ಲ. ಈ ನೆಲವೇ ಎದ್ದುನಿಂತು ಕೋಟೆಯಾಗಿದೆ.

ಕೆಳದಿಯ ಅರಸರು

ತೆಂಕಣ ತುಳುನಾಡಿನಲ್ಲಿ ಕನ್ನಡದ ಇರವು ಕೆಳದಿಯವರೊಂದಿಗೆ ಬಂದುದಲ್ಲ. ಕಾಸರಗೋಡಿನ ಬಳಿಯ ತಳಂಗೆರೆಯಲ್ಲಿ ದೊರೆತ ಶಿಲಾಶಾಸನವು ಸುಮಾರು ಹತ್ತನೆಯ ಶತಮಾನದ ಕನ್ನಡ ಶಾಸನ. ಆಳುಪರ ಕಾಲದಿಂದ ವಿಜಯನಗರದ ಕಾಲದವರೆಗೆ ಈ ಸೀಮೆಯಲ್ಲಿ ತುಳುವು ಮನೆಯ ಮಾತಾಗಿಯೂ ಕನ್ನಡವು ಬರೆಹದ ಮಾತಾಗಿಯೂ ಅನ್ಯೋನ್ಯವಾಗಿ ಬಾಳಿದವು. ಕುಂಬಳೆಯ ಅರಸರು ಬಡಗಣ ಭಾಗವನ್ನೂ, ಕೋಲತ್ತಿರಿಯ ಅರಸರೂ ನೀಲೇಶ್ವರದ ಅರಸರೂ ತೆಂಕಣ ಭಾಗವನ್ನೂ ಆಳುತ್ತಿದ್ದರು.

1565ರಲ್ಲಿ ತಾಳಿಕೋಟೆಯ ಯುದ್ಧದಿಂದ ವಿಜಯನಗರದ ಬಲವು ಕುಗ್ಗಿತು. ಅದರ ಸಾಮಂತರಾಗಿದ್ದ ಕೆಳದಿಯ ನಾಯಕರು ಮಲೆನಾಡಿನ ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ಕ್ರಮಕ್ರಮವಾಗಿ ನೆಲೆನಿಂತು ಘಟ್ಟದ ಕೆಳಗಣ ಕರಾವಳಿಯನ್ನು ತಮ್ಮ ವಶಮಾಡಿಕೊಂಡರು. ಮಲೆನಾಡಿನ ಅರಸರಿಗೆ ಕಡಲ ತೀರದ ಮೇಲೆ ಇಷ್ಟೊಂದು ಮಮತೆ ಏಕೆಂದು ಕೇಳಬಹುದು. ಕಾರಣವು ಅಕ್ಕಿ ಮತ್ತು ಮೆಣಸು. ಕನ್ನಡ ಕರಾವಳಿಯ ಗದ್ದೆಗಳಲ್ಲಿ ಬೆಳೆದ ಅಕ್ಕಿಯು ಗೋವೆಗೂ ಮಲಬಾರಿಗೂ ಹಡಗಿನಲ್ಲಿ ಹೋಗುತ್ತಿತ್ತು. ಘಟ್ಟದ ಮೆಣಸಿಗಾಗಿ ಪೋರ್ತುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರನ್ನೊಬ್ಬರು ಮೀರಿಸಲು ಹೆಣಗುತ್ತಿದ್ದರು. ಬಂದರುಗಳನ್ನು ಪರಕೀಯರಿಗೆ ಬಿಟ್ಟುಕೊಟ್ಟರೆ ಬೊಕ್ಕಸವನ್ನೇ ಬಿಟ್ಟುಕೊಟ್ಟಂತೆ ಎಂಬುದು ಕೆಳದಿಯವರಿಗೆ ಚೆನ್ನಾಗಿ ತಿಳಿದಿತ್ತು.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಈ ವಂಶದ ಅರಸರಲ್ಲಿ ಅಗ್ರಗಣ್ಯನು. ಭೂಮಿಯ ಸಾರವನ್ನು ತೂಗಿ ಕಂದಾಯವನ್ನು ನಿಗದಿಮಾಡಿದ ಅವನ 'ಶಿಸ್ತು' ಇಂದಿಗೂ ನಮ್ಮ ಜನರ ಮಾತಿನಲ್ಲಿ ಉಳಿದಿದೆ. ಕರಾವಳಿಯಿಂದ ಪೋರ್ತುಗೀಸರ ಕೋಟೆಗಳನ್ನು ಕಿತ್ತುಹಾಕಿದವನೂ ಅವನೇ. ಬೇಕಲದ ಕೋಟೆಯನ್ನೂ ಚಂದ್ರಗಿರಿಯ ಕೋಟೆಯನ್ನೂ ಅವನ ಹೆಸರಿನೊಡನೆಯೇ ಸೇರಿಸಿ ಹೇಳುವುದು ವಾಡಿಕೆ. ಬೇಕಲದ ಕಟ್ಟಡವನ್ನು ಹಿರಿಯ ವೆಂಕಟಪ್ಪನಾಯಕನು ಆರಂಭಿಸಿದನೆಂದೂ ಶಿವಪ್ಪನಾಯಕನು ಪೂರ್ಣಗೊಳಿಸಿದನೆಂದೂ ಹೇಳುವವರಿದ್ದಾರೆ. ಅದಕ್ಕೂ ಮೊದಲು ಕೋಲತ್ತಿರಿಗಳ ಕಾಲದಲ್ಲಿಯೇ ಇಲ್ಲಿ ಒಂದು ನೆಲೆಯಿತ್ತೆಂದು ವಾದಿಸುವವರೂ ಇದ್ದಾರೆ. ಹಿಂದೆ ಸಣ್ಣದೊಂದು ನೆಲೆ ಇದ್ದಿದ್ದರೂ, ಇಂದು ನಾವು ಕಾಣುವ ಮಹಾದುರ್ಗದ ಆಕಾರವು ಹದಿನೇಳನೆಯ ಶತಮಾನದ ಕೆಳದಿಯವರ ಕೈಗೆಲಸವೆಂಬುದರಲ್ಲಿ ಸಾಮಾನ್ಯವಾಗಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿಲ್ಲ.

ಶಿವಪ್ಪನಾಯಕನ ಅನಂತರ ಬಂದವರಲ್ಲಿ ಇಮ್ಮಡಿ ಸೋಮಶೇಖರನಾಯಕನು (1714-1739) ಈ ಸೀಮೆಗೆ ಸಂಬಂಧಿಸಿದಂತೆ ಮುಖ್ಯನಾದವನು. 1730ರ ದಶಕದಲ್ಲಿ ಅವನ ದಂಡು ನೀಲೇಶ್ವರದವರೆಗೂ ಅದರಾಚೆಗೂ ನಡೆಯಿತು. ಹೊಸದುರ್ಗದ ಕೋಟೆಯನ್ನು ಕಟ್ಟಿದ ಕೀರ್ತಿಯು ಅವನದೆಂದು ಹೇಳುತ್ತಾರೆ.

ಹೈದರ, ಟಿಪ್ಪು ಮತ್ತು ಕಂಪೆನಿ

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಕೆಳದಿಯ ರಾಜ್ಯದೊಡನೆ ಅದರ ಕರಾವಳಿಯೂ ಮೈಸೂರಿನ ಪಾಲಾಯಿತು. 1766ರಲ್ಲಿ ಅವನು ಮಲಬಾರಿನ ಮೇಲೆ ದಂಡೆತ್ತಿ ಹೋದಾಗ ಈ ಕರಾವಳಿಯ ದಾರಿಯೇ ಅವನಿಗೆ ಹೆದ್ದಾರಿಯಾಯಿತು. ಅವನ ಮಗ ಟಿಪ್ಪುವಿನ ಕಾಲದಲ್ಲಿ ಬೇಕಲವು ದೊಡ್ಡದೊಂದು ಸೈನಿಕ ನೆಲೆಯಾಗಿ ಬೆಳೆಯಿತು. 1792ರ ಶ್ರೀರಂಗಪಟ್ಟಣದ ಕೌಲಿನಂತೆ ಮಲಬಾರು ಇಂಗ್ಲಿಷರ ಕೈಸೇರಿದರೂ ಕೆನರಾ ಸೀಮೆಯು ಟಿಪ್ಪುವಿನ ಬಳಿಯಲ್ಲಿಯೇ ಉಳಿಯಿತು. ಆದುದರಿಂದ 1792ರಿಂದ 1799ರವರೆಗಿನ ಏಳು ವರ್ಷಗಳ ಕಾಲ ಬೇಕಲವು ಎರಡು ಅಧಿಕಾರಗಳ ಸರಹದ್ದಿಗೆ ಸಮೀಪವಾದ ಕೋಟೆಯಾಗಿತ್ತು. ಗಡಿನಾಡೆಂಬ ಹಣೆಬರೆಹವು ಈ ಊರಿಗೆ 1956ರಲ್ಲಿ ಮೊದಲ ಸಲ ಬಂದುದಲ್ಲವೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

1799ರಲ್ಲಿ ಟಿಪ್ಪುವು ಮಡಿದ ಮೇಲೆ ಕೆನರಾ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದನು. ಕಂಪೆನಿಯ ಆಡಳಿತದಲ್ಲಿ ಬೇಕಲವು ಒಂದು ತಾಲೂಕಿನ ಹೆಸರಾಗಿತ್ತು. ಕಾಲಕ್ರಮದಲ್ಲಿ ಯುದ್ಧಗಳು ನಿಂತವು, ಕೋಟೆಗೆ ಕೆಲಸವಿಲ್ಲದಂತಾಯಿತು, ಕಚೇರಿಗಳು ಕಾಸರಗೋಡಿಗೆ ಹೋದವು, ತಾಲೂಕಿನ ಹೆಸರೂ ಕಾಸರಗೋಡು ಎಂದಾಯಿತು. ಫಿರಂಗಿಗಳ ಸದ್ದಿದ್ದ ಕಡೆ ಅಲೆಗಳ ಸದ್ದು ಮಾತ್ರ ಉಳಿಯಿತು.

ಕೋಟೆಯ ರಚನೆ

ಕಡಲಿನೊಳಕ್ಕೆ ಚಾಚಿರುವ ಗುಡ್ಡದ ಮೇಲೆ ಸುಮಾರು 40 ಎಕರೆಗಳಷ್ಟು ವಿಸ್ತಾರವಾಗಿ ಈ ಕೋಟೆಯು ಹಬ್ಬಿದೆ. ಸಮುದ್ರದ ಮಟ್ಟದಿಂದ ಇದರ ಎತ್ತರವು ಸುಮಾರು 130 ಅಡಿ ಎಂದು ಎಣಿಸುತ್ತಾರೆ. ಮೇಲಿನಿಂದ ನೋಡಿದವರು ಇದರ ಆಕಾರವನ್ನು ಬೀಗದ ರಂಧ್ರಕ್ಕೆ ಹೋಲಿಸುತ್ತಾರೆ. ಕಡಲಿನ ಕಡೆ ಅಲೆಗಳೇ ಅಗಳಿನ ಕೆಲಸವನ್ನು ಮಾಡುತ್ತವೆ. ನೆಲದ ಕಡೆ ಮಾತ್ರ ಮನುಷ್ಯರು ಕಂದಕವನ್ನು ತೋಡಬೇಕಾಯಿತು. ಪ್ರವೇಶದ ದಾರಿಯು ನೇರವಾಗಿರದೆ ತಿರುವುಗಳಿಂದ ಕೂಡಿದೆ. ಬಾಗಿಲಿಗೆ ಆನೆಯಾಗಲಿ ದಿಮ್ಮಿಯಾಗಲಿ ಓಡಿಬಂದು ಗುದ್ದಲಾಗಬಾರದೆಂಬುದು ಇದರ ತಂತ್ರ.

ಬುರುಜುಗಳ ಗೋಡೆಯಲ್ಲಿರುವ ಕಿಂಡಿಗಳನ್ನು ಸಾವಧಾನವಾಗಿ ನೋಡಬೇಕು. ಇವೆಲ್ಲವೂ ಒಂದೇ ಬಗೆಯವಲ್ಲ. ಕೆಲವು ದೂರದ ಗುರಿಗೆ, ಕೆಲವು ಹತ್ತಿರಕ್ಕೆ ಬಂದ ಶತ್ರುವಿಗೆ, ಇನ್ನು ಕೆಲವು ಗೋಡೆಯ ಬುಡವನ್ನೇ ಮುಟ್ಟಿದವನಿಗೆ ಎಂದು ಇಳಿಜಾರನ್ನು ಅಳೆದು ತೆರೆಯಲಾಗಿದೆ. ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆದುತಂದಾಗ ನಾವು ಅವರಿಗೆ ಮೂರು ಬಗೆಯ ಕಿಂಡಿಗಳಿಗೂ ಕಣ್ಣಿಟ್ಟು ನೋಡಲು ಹೇಳುತ್ತೇವೆ. ಒಂದರಲ್ಲಿ ದಿಗಂತ, ಒಂದರಲ್ಲಿ ದಂಡೆ, ಒಂದರಲ್ಲಿ ತಮ್ಮ ಜೊತೆಗಾರರು ನಿಂತ ಕಂದಕದ ಅಂಚು ಕಂಡಾಗ, ಅರ್ಧ ಗಂಟೆಯ ಪಾಠದಿಂದ ತಿಳಿಯದ ಯುದ್ಧಶಾಸ್ತ್ರವು ಅವರಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಕೋಟೆಯ ನಡುವೆ ಎತ್ತರವಾದ ವೀಕ್ಷಣ ಗೋಪುರವಿದೆ. ಇದು ಟಿಪ್ಪುವಿನ ಕಾಲದ ರಚನೆ ಎನ್ನುತ್ತಾರೆ. ಮೇಲೇರಲು ಅಗಲವಾದ ಇಳಿಜಾರಿನ ದಾರಿಯಿದೆ. ಮೇಲೆ ನಿಂತರೆ ಬಡಗಣಕ್ಕೆ ಕೋಟಿಕುಳದ ತೀರ, ತೆಂಕಣಕ್ಕೆ ಪಳ್ಳಿಕ್ಕೆರೆಯ ಮಳಲು ಮತ್ತು ಕಾಞಂಗಾಡಿನ ಕಡೆಯ ತೆಂಗಿನ ಸಾಲು, ಮೂಡಣಕ್ಕೆ ನೀಲವಾದ ಗುಡ್ಡಗಳು, ಪಡುವಣಕ್ಕೆ ಎಲ್ಲೆಯಿಲ್ಲದ ನೀರು ಕಣ್ಣಿಗೆ ಬೀಳುತ್ತವೆ. ಮೆಟ್ಟಿಲುಗಳುಳ್ಳ ಕೆರೆ, ಮದ್ದಿನ ಮನೆ, ಸುರಂಗದ ಬಾಯಿ ಇವೂ ನೋಡತಕ್ಕವು. ಕಡಲು ಮುತ್ತಿರುವ ಗುಡ್ಡದ ಮೇಲೆ ಸಿಹಿನೀರಿನ ಕೆರೆಯನ್ನು ಕಾಪಾಡಿಕೊಂಡುದೇ ಈ ದುರ್ಗದ ನಿಜವಾದ ಬಲವೆಂದರೆ ತಪ್ಪಾಗದು.

ಇಂದು ಈ ಕೋಟೆಯು ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲಾಖೆಯವರು ಇಲ್ಲಿ ಉತ್ಖನನವನ್ನು ನಡೆಸಿ ಹುಲ್ಲಿನಡಿ ಹುದುಗಿದ್ದ ಹಳೆಯ ಕಟ್ಟಡಗಳ ತಳಪಾಯಗಳನ್ನು ಬೆಳಕಿಗೆ ತಂದರು. ಬರಿಯ ಬಯಲೆಂದು ನಾವು ಎಣಿಸಿದ್ದ ಕಡೆ ಜನರು ಬಾಳಿದ್ದರೆಂಬುದು ಅದರಿಂದ ಸಿದ್ಧವಾಯಿತು.

ಕಾವಲಿನವರು

ಕೋಟೆಯನ್ನು ಅರಸನು ಕಟ್ಟಿಸಬಹುದು. ಆದರೆ ಅದನ್ನು ಹಗಲಿರುಳೂ ಕಾಯುವವರು ಬೇರೆ. ಕೆಳದಿಯ ಅರಸರು ಬೇಕಲ, ಹೊಸದುರ್ಗ, ಕಾಸರಗೋಡು ಮೊದಲಾದ ಕೋಟೆಗಳ ಕಾವಲಿಗಾಗಿ ಬಡಗಣ ಕನ್ನಡ ಸೀಮೆಯಿಂದ ಯೋಧರನ್ನು ಕರೆತಂದು ನೆಲೆಗೊಳಿಸಿದರು. ಕೋಟೆಯವರು, ಕೋಟೆಗಾರರು ಎಂದು ಕರೆಯಲ್ಪಟ್ಟ ಇವರೇ ಇಂದು ರಾಮಕ್ಷತ್ರಿಯರೆಂದು ಹೆಸರಾಗಿರುವ ಸಮಾಜದವರು. ಕೆಳದಿಯ ರಾಜ್ಯವು ಅಳಿಯಿತು, ಮೈಸೂರಿನ ನವಾಬರು ಅಳಿದರು, ಕಂಪೆನಿಯೂ ಅಳಿಯಿತು. ಆದರೆ ಕಾವಲಿಗೆಂದು ಬಂದವರು ಕೋಟೆಯ ಬದಿಯಲ್ಲಿಯೇ ಮನೆಮಾಡಿ, ಮಲಯಾಳದ ನೆರೆಯಲ್ಲಿ, ತುಳುವಿನ ನೆರೆಯಲ್ಲಿ, ತಮ್ಮ ಕನ್ನಡವನ್ನು ತಲೆಮಾರುಗಳ ಕಾಲ ಕಾಯ್ದುಕೊಂಡರು. ಸಂಬಳವಿಲ್ಲದ ಈ ಕಾವಲು ಆ ಹಳೆಯ ಕಾವಲಿಗಿಂತಲೂ ದೊಡ್ಡದಾದುದು.

ಕೋಟೆಯ ಬಾಗಿಲಲ್ಲಿ ಮುಖ್ಯಪ್ರಾಣ ದೇವಸ್ಥಾನವಿದೆ. ದುರ್ಗದ್ವಾರದಲ್ಲಿ ಆಂಜನೇಯನನ್ನು ನಿಲ್ಲಿಸುವುದು ವಿಜಯನಗರದ ಕಾಲದಿಂದ ಕನ್ನಡನಾಡಿನ ಕೋಟೆಗಳಿಗೆಲ್ಲ ಬಂದ ಸಂಪ್ರದಾಯ. ಅದರ ಸಮೀಪದಲ್ಲಿಯೇ ಟಿಪ್ಪುವಿನ ಕಾಲದ್ದೆಂದು ಹೇಳುವ ಮಸೀದಿಯಿದೆ. ಎರಡು ಕಡೆಯೂ ಇಂದಿಗೂ ಆರಾಧನೆ ನಡೆಯುತ್ತಿದೆ. ಒಂದೇ ಕೋಟೆಯ ಬಾಗಿಲಲ್ಲಿ ಎರಡು ರಾಜ್ಯಗಳ ಭಕ್ತಿಯು ಜಗಳವಿಲ್ಲದೆ ಉಳಿದುಬಂದಿರುವುದು ಬೇಕಲದ ಜನರ ಸಂಸ್ಕಾರಕ್ಕೆ ಸಾಕ್ಷಿ.

ಈ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ಬೇಕಲ ರಾಮನಾಯಕರನ್ನು ಇಲ್ಲಿ ನೆನೆಯದಿರುವಂತಿಲ್ಲ. ತೆಂಕಣ ತುಳುನಾಡಿನ ವೀರರ, ಅರಸರ, ದೈವಗಳ ಐತಿಹ್ಯಗಳನ್ನು ಹಳ್ಳಿಗರ ಬಾಯಿಂದ ಸಂಗ್ರಹಿಸಿ ಸೊಗಸಾದ ಕನ್ನಡ ಗದ್ಯದಲ್ಲಿ ಅವರು ನಮಗೆ ಕೊಟ್ಟರು. ಬರೆಹಕ್ಕೆ ಬಾರದ ಇತಿಹಾಸವು ಒಬ್ಬ ಮುದುಕನ ಮರಣದೊಡನೆ ಮಣ್ಣುಗೂಡುತ್ತದೆ ಎಂಬುದನ್ನು ಅರಿತವರ ಕೆಲಸವದು.

ಸುತ್ತಣ ನೋಟಗಳು

ಬೇಕಲಕ್ಕೆ ಬಂದವರು ಕೋಟೆಯೊಂದನ್ನೇ ನೋಡಿ ಹಿಂದಿರುಗಿದರೆ ಊಟದಲ್ಲಿ ಉಪ್ಪಿನಕಾಯಿಯನ್ನು ಮಾತ್ರ ಸವಿದಂತಾದೀತು. ಕೋಟೆಯ ಬಡಗಣಕ್ಕೆ ಕಡಲಿನ ಅಂಚಿನಲ್ಲಿಯೇ ತೃಕ್ಕಣ್ಣಾಡಿನ ತ್ರ್ಯಂಬಕೇಶ್ವರ ದೇವಸ್ಥಾನವಿದೆ. ಕರ್ಕಾಟಕ ಮಾಸದ ಅಮಾವಾಸ್ಯೆಯಂದು ಪಿತೃಗಳಿಗೆ ತರ್ಪಣ ಕೊಡಲು ಜನರು ಇಲ್ಲಿ ನೆರೆಯುತ್ತಾರೆ. ದೂರದ ಕಡಲಿನಲ್ಲಿ ಕಾಣುವ ಬಂಡೆಗೆ ಪಾಂಡ್ಯನ ಕಲ್ಲು ಎಂದು ಹೆಸರು. ದೇವಾಲಯವನ್ನು ಕೆಡಿಸಲು ಬಂದ ಪಾಂಡ್ಯರಾಜನ ಹಡಗು ಶಿವನ ಕೋಪದಿಂದ ಕಲ್ಲಾಯಿತೆಂಬುದು ಐತಿಹ್ಯ.

ಬಡಗಣಕ್ಕೆ ಮುಂದುವರಿದರೆ ಪಯಸ್ವಿನಿ ನದಿ. ಕಡಲನ್ನು ಸೇರುವ ಕಡೆ ಇದಕ್ಕೆ ಚಂದ್ರಗಿರಿ ಎಂದು ಹೆಸರು. ಇದರ ತೆಂಕಣ ದಡದಲ್ಲಿ ಚಂದ್ರಗಿರಿಯ ಕೋಟೆಯಿದೆ. ತುಳುನಾಡಿಗೂ ಮಲಯಾಳಕ್ಕೂ ಈ ನದಿಯೇ ಎಲ್ಲೆಯೆಂದು ಪರಂಪರೆಯಿಂದ ಭಾವಿಸಲಾಗಿತ್ತು. ನಾಯರ್ ಸ್ತ್ರೀಯರು ಈ ನದಿಯನ್ನು ದಾಟಬಾರದೆಂಬ ಕಟ್ಟಳೆಯೂ ಹಿಂದೆ ಇತ್ತು. ಸಂಜೆಯ ಹೊತ್ತು ಕೋಟೆಯ ಮೇಲಿನಿಂದ ನದೀಮುಖವನ್ನು ನೋಡುವ ಭಾಗ್ಯವು ಬೇಕಲದ ಸೂರ್ಯಾಸ್ತಕ್ಕಿಂತ ಕಡಿಮೆಯದಲ್ಲ.

ನದಿಯನ್ನು ದಾಟಿದರೆ ತಳಂಗೆರೆಯ ಮಾಲಿಕ್ ದೀನಾರ್ ಮಸೀದಿ. ಭಾರತದಲ್ಲಿ ಇಸ್ಲಾಮಿನ ಅತ್ಯಂತ ಹಳೆಯ ನೆಲೆಗಳಲ್ಲಿ ಇದೊಂದೆಂದು ಪರಂಪರೆಯು ಹೇಳುತ್ತದೆ. ಪಟ್ಟಣದ ಮೂಡಣಕ್ಕೆ ಮಧುವಾಹಿನಿಯ ತೀರದಲ್ಲಿ ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನವಿದೆ. ಆನೆಯ ಬೆನ್ನಿನಂತಿರುವ ಮೂರು ನೆಲೆಗಳ ಗರ್ಭಗೃಹದ ಮಾಡು ಶಿಲ್ಪಾಭ್ಯಾಸಿಗಳು ನೋಡಲೇಬೇಕಾದುದು. ಟಿಪ್ಪುವು ಇಲ್ಲಿಗೆ ಬಂದು ಬಾವಿಯ ನೀರನ್ನು ಕುಡಿದು ಮನಸ್ಸನ್ನು ಬದಲಿಸಿದನೆಂದೂ ಕತ್ತಿಯ ಗುರುತೊಂದನ್ನು ಮಾತ್ರ ಉಳಿಸಿಹೋದನೆಂದೂ ಊರಿನವರು ಹೇಳುತ್ತಾರೆ. ಎಡನೀರಿನ ಮಠವೂ ಈ ಕಡೆಯದೇ. ಅದರ ಪೀಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯದ 13 ಮಂದಿ ನ್ಯಾಯಮೂರ್ತಿಗಳ ಪೀಠವು 24 ಏಪ್ರಿಲ್ 1973ರಂದು ಸಂವಿಧಾನದ ಮೂಲಸ್ವರೂಪವನ್ನು ಬದಲಿಸಲಾಗದೆಂದು ತೀರ್ಪಿತ್ತಿತು. ದೇಶದ ಕಾನೂನಿನ ಪುಸ್ತಕಗಳಲ್ಲೆಲ್ಲ ಕಾಣುವ ಆ ಹೆಸರು ಯಕ್ಷಗಾನಕ್ಕೂ ಕನ್ನಡಕ್ಕೂ ಆಶ್ರಯವಿತ್ತ ಈ ಚಿಕ್ಕ ಊರಿನದೆಂಬುದು ನಮ್ಮ ಹೆಮ್ಮೆ.

ಕುಂಬಳೆಯ ಬಳಿ ಅನಂತಪುರದ ಸರೋವರ ದೇವಾಲಯವಿದೆ. ಮುರಕಲ್ಲಿನ ನೆಲವನ್ನು ಕಡಿದಂತಿರುವ ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಸ್ವಾಮಿಗೆ ಇದೇ ಮೂಲಸ್ಥಾನವೆಂದು ಭಕ್ತರ ನಂಬುಗೆ. ಇಲ್ಲಿಯ ಕೆರೆಯಲ್ಲಿದ್ದು ಎಲ್ಲರ ಪ್ರೀತಿಗೆ ಪಾತ್ರವಾಗಿದ್ದ 'ಬಬಿಯಾ' ಎಂಬ ಮೊಸಳೆಯು 2022ರ ಅಕ್ಟೋಬರಿನಲ್ಲಿ ಅಸುನೀಗಿತು. ಇದೇ ಅನಂತಪುರದಲ್ಲಿ ದೊರೆತ ತುಳು ಶಾಸನವು ತುಳು ಭಾಷೆಯ ಹಳೆಯ ಬರೆಹಕ್ಕೆ ಅಮೂಲ್ಯವಾದ ಆಧಾರ. ಕುಂಬಳೆ ಸೀಮೆಯು ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟಿತು. ಮಂಜೇಶ್ವರವು ಕನ್ನಡಕ್ಕೆ ರಾಷ್ಟ್ರಕವಿ ಗೋವಿಂದ ಪೈಗಳನ್ನು ಕೊಟ್ಟಿತು. 1883ರಲ್ಲಿ ಜನಿಸಿ 1963ರಲ್ಲಿ ಅಗಲಿದ ಪೈಗಳು ಬಾಳಿದ ಮನೆಯ ಆವರಣವು ಈಗ ಅವರ ಕವನಸಂಗ್ರಹದ ಹೆಸರಾದ 'ಗಿಳಿವಿಂಡು' ಎಂಬ ಹೆಸರಿನಲ್ಲಿ ಸ್ಮಾರಕವಾಗಿದೆ. ಬೇಕಲದ ತೆಂಕಣಕ್ಕೆ ಹೋದರೆ ಹೊಸದುರ್ಗದ ಕೋಟೆ, ಅದರ ಬಳಿ ಸ್ವಾಮಿ ನಿತ್ಯಾನಂದರ ಗುಹೆಗಳು, ಸ್ವಾಮಿ ರಾಮದಾಸರು 1931ರಲ್ಲಿ ನೆಲೆಗೊಳಿಸಿದ ಆನಂದಾಶ್ರಮ ಇವೆಲ್ಲವೂ ಮನಸ್ಸಿಗೆ ಶಾಂತಿಯನ್ನು ನೀಡುವ ತಾಣಗಳು.

ಗೆರೆಗಳು ಬದಲಾದ ಮೇಲೆ

1 ನವೆಂಬರ್ 1956ರಂದು ಭಾಷಾವಾರು ಪ್ರಾಂತಗಳು ರಚಿತವಾದಾಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಈ ನಾಡಿನ ಕನ್ನಡಿಗರು ಆಗ ಅನುಭವಿಸಿದ ದುಃಖವನ್ನು ಕಯ್ಯಾರ ಕಿಞ್ಞಣ್ಣ ರೈಗಳಂತಹ ಕವಿಗಳು ಕನ್ನಡಕ್ಕೆಲ್ಲ ಮುಟ್ಟಿಸಿದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರ ತನ್ನ ವರದಿಯಲ್ಲಿ ಚಂದ್ರಗಿರಿ ನದಿಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯಗತವಾಗಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಇಲ್ಲಿ ನಾವು ಒಂದು ವಿಷಯವನ್ನು ಮರೆಯಬಾರದು. ಬೇಕಲವಿರುವುದು ಚಂದ್ರಗಿರಿಯ ತೆಂಕಣದಲ್ಲಿ. ಎಂದರೆ ನಾವು ಕೇಳಿದ ಗೆರೆಯೇ ದೊರೆತಿದ್ದರೂ ಕೆಳದಿಯವರ ಈ ಮಹಾದುರ್ಗವು ಗೆರೆಯ ಆಚೆಗೇ ಉಳಿಯುತ್ತಿತ್ತು. ರಾಜ್ಯದ ಎಲ್ಲೆಯೂ ನೆನಪಿನ ಎಲ್ಲೆಯೂ ಒಂದೇ ಅಲ್ಲವೆಂಬ ಪಾಠವನ್ನು ಬೇಕಲವು ನಮಗೆ ಹೀಗೆ ಕಲಿಸುತ್ತದೆ. ಕೋಟೆಯ ಮೇಲಣ ನಮ್ಮ ಹಕ್ಕು ಭೂಮಿಯ ಹಕ್ಕಲ್ಲ. ಅದರ ಕಥೆಯನ್ನು ಬಲ್ಲವರ ಹಕ್ಕು. ಕಥೆಯನ್ನು ಮರೆತ ದಿನ ಆ ಹಕ್ಕು ತಾನಾಗಿಯೇ ಅಳಿದುಹೋಗುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ.

1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸ ಪ್ರದೇಶವೆಂದು ಘೋಷಿಸಲಾಯಿತು; 1995ರಲ್ಲಿ ಅದರ ಅಭಿವೃದ್ಧಿಗಾಗಿಯೇ ಕೇರಳ ಸರಕಾರವು ಒಂದು ನಿಗಮವನ್ನು ಸ್ಥಾಪಿಸಿತು. ಅದೇ 1995ರಲ್ಲಿ ತೆರೆಕಂಡ 'ಬಾಂಬೆ' ಎಂಬ ಚಲನಚಿತ್ರದ ಹಾಡೊಂದು ಈ ಬುರುಜುಗಳ ಮೇಲೆ ಚಿತ್ರಿತವಾಗಿ ಬೇಕಲವನ್ನು ದೇಶದ ಮೂಲೆಮೂಲೆಗೂ ಪರಿಚಯಿಸಿತು. ಇದೆಲ್ಲವೂ ಒಳ್ಳೆಯದೇ. ಆದರೆ ಇಂದು ಇಲ್ಲಿಗೆ ಬರುವ ಹಲವರು ಆ ಹಾಡಿನಲ್ಲಿ ನಟರು ನಿಂತ ಜಾಗವನ್ನು ಕೇಳುತ್ತಾರೆಯೇ ಹೊರತು ಶಿವಪ್ಪನಾಯಕನು ಯಾರೆಂದು ಕೇಳುವುದಿಲ್ಲ. ಕೇಳದವರ ತಪ್ಪು ಅರ್ಧ. ಹೇಳದವರ ತಪ್ಪು ಇನ್ನರ್ಧ.

ಹೆಸರುಗಳಲ್ಲಿರುವ ಇತಿಹಾಸ

ಊರಿನ ಹೆಸರುಗಳು ನಮ್ಮ ಅತ್ಯಂತ ಹಳೆಯ ಶಾಸನಗಳು. ಕಲ್ಲಿನ ಶಾಸನವು ಸವೆಯಬಹುದು, ತಾಮ್ರದ ಶಾಸನವನ್ನು ಕರಗಿಸಬಹುದು; ಆದರೆ ಜನರ ನಾಲಗೆಯ ಮೇಲಣ ಹೆಸರು ಸುಲಭವಾಗಿ ಅಳಿಯದು. ಹೊಸದುರ್ಗವನ್ನೇ ತೆಗೆದುಕೊಳ್ಳೋಣ. ಮಲಯಾಳದಲ್ಲಿ ಅದನ್ನು ಪುದಿಯಕೋಟ್ಟ ಎನ್ನುತ್ತಾರೆ. ಎರಡರ ಅರ್ಥವೂ ಒಂದೇ. ಆದರೆ ಕನ್ನಡದ ಹೆಸರು ಕಟ್ಟಿಸಿದವನ ಭಾಷೆಯನ್ನು ಹೇಳುತ್ತದೆ, ಮಲಯಾಳದ ಹೆಸರು ನೆರೆಯವರು ಅದನ್ನು ತಮ್ಮದಾಗಿಸಿಕೊಂಡ ಬಗೆಯನ್ನು ಹೇಳುತ್ತದೆ. ಎರಡೂ ಇತಿಹಾಸವೇ. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ತಾಲೂಕಿನ ಹೆಸರು ಇಂದಿಗೂ ಹೊಸದುರ್ಗವೆಂದೇ ಇದೆ. 2021ರಲ್ಲಿ ಕಾಸರಗೋಡಿನ ಕೆಲವು ಗ್ರಾಮಗಳ ಕನ್ನಡ ಹೆಸರುಗಳನ್ನು ಬದಲಿಸಲಾಗುತ್ತಿದೆಯೆಂಬ ವಾರ್ತೆಯಿಂದ ಗಡಿನಾಡಿನಲ್ಲಿ ಕಳವಳವುಂಟಾದಾಗ ಕೇರಳ ಸರಕಾರದ ಕಡೆಯಿಂದ ಅಂತಹ ಯೋಚನೆಯಿಲ್ಲವೆಂಬ ಉತ್ತರ ಬಂದಿತು. ಉತ್ತರವನ್ನು ನಾವು ಗೌರವದಿಂದ ಸ್ವೀಕರಿಸೋಣ. ಆದರೆ ಸರಕಾರವು ಬದಲಿಸದ ಹೆಸರನ್ನು ನಾವೇ ಬದಲಿಸಿದರೆ ಯಾರನ್ನು ದೂರೋಣ? ಮಧೂರು, ಕುಂಬಳೆ, ನೆಲ್ಲಿಕುಂಜೆ, ಕಾರಡ್ಕ, ಬೇಡಡ್ಕ ಎಂದು ಹಿರಿಯರು ಉಚ್ಚರಿಸಿದ ಹೆಸರುಗಳನ್ನು ನಮ್ಮ ಮಕ್ಕಳು ಬಸ್ಸಿನ ಫಲಕದಲ್ಲಿ ಕಂಡಂತೆ ಉಚ್ಚರಿಸತೊಡಗಿದರೆ, ಆ ಬದಲಾವಣೆಗೆ ಆಜ್ಞೆಯೇ ಬೇಕಾಗಿಲ್ಲ.

ನಮ್ಮ ಕರ್ತವ್ಯ

ಬೇಕಲದ ಗೋಡೆಗಳನ್ನು ಸಂರಕ್ಷಿಸುವುದು ಇಲಾಖೆಯ ಕೆಲಸ. ಆದರೆ ಬೇಕಲದ ಕಥೆಯನ್ನು ಸಂರಕ್ಷಿಸುವುದು ನಮ್ಮಂತಹ ಶಾಲೆಯ ಉಪಾಧ್ಯಾಯರ, ಸಂಘಸಂಸ್ಥೆಗಳ, ತಾಯಿತಂದೆಯರ ಕೆಲಸ. ಅದಕ್ಕೆ ದೊಡ್ಡ ಧನಬಲವೇನೂ ಬೇಡ. ವರ್ಷಕ್ಕೊಮ್ಮೆ ಕನ್ನಡ ಶಾಲೆಗಳ ಮಕ್ಕಳನ್ನು ಈ ಕೋಟೆಗಳ ಸಾಲಿನುದ್ದಕ್ಕೆ, ಆರಿಕ್ಕಾಡಿಯಿಂದ ಹೊಸದುರ್ಗದವರೆಗೆ, ಕರೆದೊಯ್ಯಬಹುದು. ಕೋಟೆಯ ಬದಿಯಲ್ಲಿ ಬಾಳುವ ಹಳೆಯ ಮನೆತನಗಳಲ್ಲಿ ಉಳಿದಿರುವ ಐತಿಹ್ಯಗಳನ್ನೂ, ಕಡತಗಳನ್ನೂ ಕಾಲ ಮೀರುವ ಮೊದಲು ಬರೆದಿಟ್ಟುಕೊಳ್ಳಬಹುದು. ಕೋಟೆಯ ಇತಿಹಾಸವನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಜೊತೆಜೊತೆಯಾಗಿ ಅಚ್ಚುಹಾಕಿಸಬಹುದು. ನೆರೆಯವನಿಗೆ ಅರ್ಥವಾಗುವ ಭಾಷೆಯಲ್ಲಿ ನಮ್ಮ ಕಥೆಯನ್ನು ಹೇಳಿದರೆ ಅವನೂ ಅದಕ್ಕೆ ಕಾವಲುಗಾರನಾಗುತ್ತಾನೆ. ನಮ್ಮ ಸಂಘವು ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಇಂತಹದೊಂದು ಕಾರ್ಯವನ್ನು ಕೈಗೆತ್ತಿಕೊಂಡರೆ ಅದಕ್ಕಿಂತ ಯೋಗ್ಯವಾದ ಆಚರಣೆಯು ಮತ್ತೊಂದಿರಲಾರದು.

ಮುನ್ನೂರೈವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಈ ಮುರಕಲ್ಲಿನ ಗೋಡೆಗಳು ಸಹಿಸಿವೆ. ನೆಲದೊಳಗಿದ್ದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಆ ಕಲ್ಲಿನ ಗುಣ. ಗಡಿನಾಡಿನ ಕನ್ನಡಿಗರ ಗುಣವೂ ಅದೇ ಆಗಲಿ. ಬೇಕಲಕ್ಕೆ ಬರುವ ಪ್ರವಾಸಿಗನು ಕಡಲಿನ ಚೆಲುವಿನೊಡನೆ ಕೆಳದಿಯ ಹೆಸರನ್ನೂ ತನ್ನ ಊರಿಗೆ ಕೊಂಡೊಯ್ಯುವಂತಾಗಲಿ ಎಂದು ಹಾರೈಸುತ್ತೇವೆ.